ನಿಮಗಿದು ಗೊತ್ತೇ? ಗದ್ದ, ಸೆರಗು, ಜೋಳಿಗೆ!

ಬೇಕು, ಬೇಡ, ಬೇಡು. ಈ ಮೂರೂ ಒಂದೇ ತಾಯಿಯ ಮಕ್ಕಳು ಅಂದರೆ ನಂಬುತ್ತೀರಾ? 'ಬಯಸು' ಎಂಬ ಅರ್ಥದ ಹಳೇ ದ್ರಾವಿಡ ಧಾತುವೊಂದು ಇವುಗಳ ತವರು. ತಮಿಳರ 'ವೇಂಡುಂ' ಕೂಡ ಅದೇ ಮನೆತನದ್ದು. ಇಳಕಲ್ ಸಂತೆಯಲ್ಲಿ 'ಬೇಕೇನ್ರಿ?' 'ಬ್ಯಾಡ್ರಿ' ಅಂತ ಚೌಕಾಸಿಗೆ ನಿಲ್ಲುವ ಇಬ್ಬರ ಬಾಯಲ್ಲೂ ಒಂದೇ ಬೇರಿನ ಮಾತು!

ಗ್ರೀಸಿನಲ್ಲೂ ಇದೇ ಕಥೆ! ಹಳೇ ಗ್ರೀಕಿನಲ್ಲಿ ಮೊರೆಗೆ 'ದೆಯೇಸಿಸ್' ಅನ್ನುತ್ತಿದ್ದರು. ಅದರ ಕ್ರಿಯಾಪದಕ್ಕೆ 'ಬೇಡು' ಅಂತಲೂ ಅರ್ಥ, 'ಬೇಕಾಗು' ಅಂತಲೂ ಅರ್ಥ. ಕಿವಿಗೆ ನಮ್ಮ 'ದಯೆ' ಅಂದಂತಾಯಿತೇ? ಮೋಸ ಹೋಗಬೇಡಿ, ಇಬ್ಬರಿಗೂ ನೆಂಟಸ್ತಿಕೆಯೇ ಇಲ್ಲ!

ದೆಯೇಸಿಸ್ ಒಂದು ಬಗೆಯ ಚಿತ್ರದ ಹೆಸರೂ ಹೌದು. ನಡುವೆ ಯೇಸು, ಒಂದು ಮಗ್ಗುಲಿಗೆ ತಾಯಿ ಮೇರಿ, ಇನ್ನೊಂದು ಮಗ್ಗುಲಿಗೆ ಸ್ನಾನಿಕ ಯೋಹಾನ. ಇಬ್ಬರೂ ನಮ್ಮ ಪರವಾಗಿ ಬೇಡುತ್ತಿರುತ್ತಾರೆ! ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಗೋಡೆಯಲ್ಲಿ 13ನೇ ಶತಮಾನದ್ದೊಂದು ಈಗಲೂ ಇದೆ.

'ಗದ್ದ ಹಿಡದು ಬೇಡಕೊಂಡೆ, ಕೇಳಲಿಲ್ಲ ನೋಡ್ರಿ' ಅನ್ನುತ್ತೇವಲ್ಲ? ಹೋಮರನ ಇಲಿಯಡ್‌ನಲ್ಲಿ ಅಕಿಲೀಸನ ತಾಯಿ ಥೆಟಿಸ್ ದೇವರಾಜ ಜ್ಯೂಸ್‌ನ ಮುಂದೆ ಕೂತು ಮಾಡಿದ್ದು ಥೇಟ್ ಇದನ್ನೇ. ಎಡಗೈಯಲ್ಲಿ ಅವನ ಮೊಣಕಾಲು, ಬಲಗೈಯಲ್ಲಿ ಅವನ ಗದ್ದ! ಜ್ಯೂಸ್ ಮೊದಲು ಸುಮ್ಮನೆ ಕೂತ. ಆಕೆ ಮೊಣಕಾಲು ಬಿಡಲೇ ಇಲ್ಲ. ಕೊನೆಗೆ ತಲೆಯಾಡಿಸಿದ!

ಗ್ರೀಕರಿಗಿಲ್ಲದ್ದು ನಮ್ಮಲ್ಲೊಂದಿದೆ: ಸೆರಗೊಡ್ಡಿ ಬೇಡುವುದು. ಅದೂ ಇಳಕಲ್ ಸೀರೆಯ ಸೆರಗಾದರೆ? ಕೆಂಪು ರೇಷ್ಮೆಯ ಮೇಲೆ ಬಿಳಿ ಎಳೆಯ 'ಟೋಪ್ ತೆನಿ' ಚಿತ್ತಾರ! ಸೋಜಿಗ ಕೇಳಿ. ಆ ಸೆರಗಿನ ಹಾಸೇ ಬೇರೆ, ಒಡಲಿನ ಹಾಸೇ ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಕೊಂಡಿ ಹಾಕುವ ಕೈಗಳಿಗೊಂದು ನಮಸ್ಕಾರ!

ಇನ್ನು ಬೇಡುವ ಮಾತುಗಳು. 'ದಮ್ಮಯ್ಯ' ಅನ್ನುವಾಗ ನಾವು ಕರೆಯುವುದು ಧರ್ಮವನ್ನು. 'ದಮ್ಮ' ಅದರದೇ ತದ್ಭವ. ಠಾಣೆಯ 'ಫಿರ್ಯಾದಿ'ಯ ಮೂಲ ಪಾರಸಿಯ 'ಫರಿಯಾದ್', ಅಂದರೆ ಮೊರೆಯ ಕೂಗು!

ಈಗ ಎಲ್ಲಕ್ಕಿಂತ ದೊಡ್ಡ ಬೆರಗು. ಜೋಳಿಗೆ ಹಿಡಿದು ಬಂದವರಿಗೆ ನೀವೇನು ಹಾಕುತ್ತೀರಿ? ಹಿಡಿ ಜೋಳ, ಬೊಗಸೆ ಹಿಟ್ಟು, ಹತ್ತು ರೂಪಾಯಿ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹೆಗಲಿಗೇರಿಸಿ ಹೊರಟರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ. 'ನಿಮ್ಮ ಕುಡಿತ ಹಾಕ್ರಿ, ತಂಬಾಕು ಹಾಕ್ರಿ' ಅನ್ನುವಂಥ ಬೇಡಿಕೆ! ಜನ ನಿಜಕ್ಕೂ ತಮ್ಮ ಚಟಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟರು. ಯಾರಿಗೂ ಬೇಡವಾದದ್ದನ್ನೇ ಊರೂರು ಸುತ್ತಿ ಬೇಡಿದ ಆ ಚೀಲಕ್ಕೆ 'ಮಹಾಂತ ಜೋಳಿಗೆ' ಅಂತಲೇ ಹೆಸರಾಯಿತು. ಅವರು ಹುಟ್ಟಿದ ದಿನ ಆಗಸ್ಟ್ 1. ಕರ್ನಾಟಕ ಸರ್ಕಾರದ 'ವ್ಯಸನಮುಕ್ತ ದಿನ'ವೂ ಅದೇ!