ಒಂದು ಹನಿ ಡೀಸೆಲಿನ ಲೆಕ್ಕ

ಕೊಡಗಿಗೆ ರೈಲು ಬಂದಿಲ್ಲ. ಕಾಫಿ, ಮೆಣಸು, ಮರ, ಸಿಮೆಂಟು ಎಲ್ಲವೂ ಲಾರಿಯಲ್ಲೇ ಏರಬೇಕು, ಲಾರಿಯಲ್ಲೇ ಇಳಿಯಬೇಕು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಕುಟ್ಟದ ಮೂಲಕ ವಯನಾಡಿಗೆ ಹೋಗುವ ದಾರಿಯಲ್ಲಿರುವ ಶ್ರೀಮಂಗಲದಂತಹ ಊರಿಗೆ ಡೀಸೆಲ್ ಎಂಜಿನ್ನಿನಿಂದ ಇನ್ನೊಂದು ಕೆಲಸವೂ ಆಗಬೇಕು. ರೋಬಸ್ಟಾ ಕಾಫಿಯ ಸೀಮೆ ಇದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸಬೇಕು. ಆ ಕೆಲವು ದಿನಗಳಲ್ಲಿ ಎಂಜಿನ್ ಹಟ ಹಿಡಿದರೆ ವರ್ಷದ ಫಸಲಿಗೇ ಪೆಟ್ಟು. ಲಾರಿಯವರಿಗೂ ತೋಟದವರಿಗೂ ಒಂದೇ ಸಮನಾಗಿ ಬೇಕಾದವರು ಪಂಪ್ ಮಿಸ್ತ್ರಿ. ಇದು ನೀರೆತ್ತುವ ಪಂಪಲ್ಲ. ಎಂಜಿನ್ನಿನ ಪಕ್ಕೆಗೆ ಕಟ್ಟಿದ, ಡೀಸೆಲ್ ಹಂಚುವ ಪಂಪು. ಚಾಲಕರ ಮಾತಿನಲ್ಲಿ ‘ಮೈಕೊ ಪಂಪು’.

ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚಲು ಕಿಡಿಯುಂಟು. ಡೀಸೆಲ್ ಎಂಜಿನ್ನಿಗೆ ಅದಿಲ್ಲ. ಗಾಳಿಯನ್ನು ಅದುಮಿ ಅದುಮಿ ಕೆಂಡದಂತೆ ಕಾಯಿಸಿ, ಸರಿಯಾದ ಗಳಿಗೆಗೆ ಅದರೊಳಕ್ಕೆ ಡೀಸೆಲ್ ಚಿಮ್ಮಿಸಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿಗೆ ಇಂಧನವನ್ನು ಊದಲು ದೊಡ್ಡದೊಂದು ಗಾಳಿಯಂತ್ರವೇ ಬೇಕಿತ್ತು. ಅಷ್ಟು ಭಾರ ಹೊತ್ತು ಲಾರಿ ಓಡುವುದೆಂತು? 1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಚಿಕ್ಕ ಪಂಪುಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿದ ಮೇಲೆ ಲಾರಿಗೂ ಡೀಸೆಲಿಗೂ ನಂಟು ಗಟ್ಟಿಯಾಯಿತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಹುಟ್ಟಿತು. 1954ರಿಂದ ಟೆಲ್ಕೊ–ಬೆಂಜ್ ಲಾರಿಗಳೂ ಬಂದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಜನರ ಬಾಯಲ್ಲಿ, ಮೈಕೊ ಲೇಔಟಿನ ಫಲಕದಲ್ಲಿ, ಹಳೆಯ ಹೆಸರೇ ಉಳಿದಿದೆ.

ಪಂಪಿನೊಳಗೆ ಸಿಲಿಂಡರಿಗೊಂದರಂತೆ ಉಕ್ಕಿನ ಕಡ್ಡಿಗಳಿವೆ, ಪ್ಲಂಜರುಗಳು. ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು ಮಾತ್ರ. ತಲೆಗೂದಲು ಅದರ ಇಪ್ಪತ್ತು ಪಟ್ಟು ದಪ್ಪ. ಪ್ಲಂಜರು ಮೇಲೇರುವ ದೂರ ಯಾವಾಗಲೂ ಒಂದೇ. ಹಾಗಿದ್ದರೆ ಡೀಸೆಲ್ ಹೆಚ್ಚು ಕಡಿಮೆ ಆಗುವುದು ಹೇಗೆ? ಪ್ಲಂಜರಿನ ಮೈಮೇಲೆ ಓರೆಯಾಗಿ ಒಂದು ಗಾಡಿ ಕೊರೆದಿರುತ್ತದೆ. ಆ ಗಾಡಿ ಗೂಡಿನ ತೂತಿಗೆ ಎದುರಾದ ಕ್ಷಣ ಒತ್ತಡ ಸೋರಿ ಚಿಮ್ಮುವುದು ನಿಲ್ಲುತ್ತದೆ. ರಾಕ್ ಎಂಬ ಹಲ್ಲಿನ ಪಟ್ಟಿ ಸರಿದಾಗ ಪ್ಲಂಜರು ತುಸು ತಿರುಗಿ, ಆ ಕ್ಷಣ ಮುಂದೆಯೋ ಹಿಂದೆಯೋ ಹೋಗುತ್ತದೆ. ಇಷ್ಟು ಸರಳವೂ ಜಾಣತನದ್ದೂ ಆದ ಉಪಾಯ ಯಂತ್ರಗಳ ಲೋಕದಲ್ಲಿ ಹೆಚ್ಚಿಲ್ಲವೆಂದೇ ನನ್ನ ಎಣಿಕೆ. ಲಾರಿ ಪೂರ್ತಿ ಭಾರ ಎಳೆಯುವಾಗಲೂ ಒಂದು ಸಲಕ್ಕೆ ಹೋಗುವುದು ಹೆಚ್ಚುಕಡಿಮೆ ಒಂದು ಹನಿ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿಗೆ 1000 ಹನಿ.

ಪಂಪು ‘ಸೆಟ್’ ಮಾಡುವುದೆಂದರೆ ಆ ಹನಿ ಯಾವಾಗ ಬೀಳಬೇಕು, ಎಷ್ಟು ಬೀಳಬೇಕು ಎಂಬ ಎರಡು ಬೇರೆ ಬೇರೆ ಕೆಲಸ. ‘ಯಾವಾಗ’ ಎಂಬುದನ್ನು ಲಾರಿಯ ಮೇಲೆಯೇ ನೋಡಬಹುದು. ಮೊದಲ ಸಿಲಿಂಡರಿನ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಕೊಳವೆಯೊಂದನ್ನು ಸಿಕ್ಕಿಸಿ ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾರೆ. ತೊಟ್ಟಿಕ್ಕುವುದು ನಿಂತಾಗ ಚಕ್ರದ ಮೇಲಿನ ಗುರುತು ಹೊಂದಬೇಕು. ಹೊಂದದಿದ್ದರೆ ಬೋಲ್ಟು ಸಡಿಲಿಸಿ ಪಂಪನ್ನೇ ಕೂದಲೆಳೆಯಷ್ಟು ತಿರುಗಿಸುವುದು. ಹನಿ ಬೇಗ ಬಿದ್ದರೆ ಎಂಜಿನ್ ಬಡಿದುಕೊಳ್ಳುತ್ತದೆ. ತಡವಾದರೆ ಎಳೆತ ಸಾಲದೆ ಕಾಯುತ್ತದೆ. ‘ಎಷ್ಟು’ ಎಂಬುದಕ್ಕೆ ಮಾತ್ರ ಪಂಪನ್ನು ಬಿಚ್ಚಿ ಬೆಂಚಿಗೇರಿಸಬೇಕು. ಅಲ್ಲಿ ಪ್ರತಿ ಪ್ಲಂಜರಿನ ಡೀಸೆಲ್ ಒಂದೊಂದು ಗಾಜಿನ ನಳಿಗೆಗೆ ಬಿದ್ದು, ಎಲ್ಲ ನಳಿಗೆಗಳೂ ಸಮನಾಗಿ ತುಂಬಬೇಕು.

ಅತಿ ಹೆಚ್ಚೆಂದರೆ ಇಷ್ಟೇ ಎಂದು ತಡೆಯುವ ಒಂದು ಸ್ಕ್ರೂ ಪಂಪಿನಲ್ಲಿದೆ. ಅದಕ್ಕೆ ಸೀಲು ಹಾಕಿರುತ್ತಾರೆ, ಆ ಸೀಲನ್ನು ಒಡೆಸುವವರೂ ಇದ್ದಾರೆ. ಘಾಟಿಯಲ್ಲಿ ಎಳೆಯುತ್ತಿಲ್ಲ, ಸ್ವಲ್ಪ ಡೀಸೆಲ್ ಏರಿಸಿ ಕೊಡಿ ಎಂಬ ಬೇಡಿಕೆ. ಆದರೆ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 1000 ಮೀಟರಿನಲ್ಲಿ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಸರಿಯಾಗಿದ್ದ ಪಂಪು, ಟರ್ಬೊ ಇಲ್ಲದ ಹಳೆಯ ಲಾರಿಯಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಾಗ ತಾನಾಗಿಯೇ ಕಪ್ಪು ಹೊಗೆ ಉಗುಳುವುದು ಅದಕ್ಕೇ. ಸುಡಲು ಗಾಳಿಯೇ ಸಾಲದ ಕಡೆ ಇನ್ನಷ್ಟು ಡೀಸೆಲ್ ಸುರಿದರೆ ಸಿಗುವುದು ಎಳೆತವಲ್ಲ, ಮಸಿ. ಕೊಡಗಿನಲ್ಲೇ ಓಡುವ ಅಂಥ ಲಾರಿಗೆ ಸ್ಕ್ರೂವನ್ನು ತುಸು ಇಳಿಸುವುದೇ ನ್ಯಾಯ.

ತೋಟದ ಎಂಜಿನ್ನಿನ ಕಷ್ಟ ಬೇರೆ. ಎರಡು ಮೂರು ತಿಂಗಳು ದುಡಿದು, ಮಳೆಗಾಲವೆಲ್ಲ ಶೆಡ್ಡಿನಲ್ಲಿ ಕುಳಿತಿರುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವ ನೀರಾಗಿ ಇಳಿಯುತ್ತದೆ, ಪ್ಲಂಜರು ತುಕ್ಕು ಹಿಡಿಯುತ್ತದೆ, ರಾಕ್ ಕಚ್ಚಿಕೊಳ್ಳುತ್ತದೆ. ಪೂರ್ತಿ ಡೀಸೆಲ್ ಬಿಡುವ ಜಾಗದಲ್ಲೇ ಕಚ್ಚಿಕೊಂಡರಂತೂ ಚಾಲೂ ಮಾಡಿದೊಡನೆ ಎಂಜಿನ್ ಹುಚ್ಚೆದ್ದು ಓಡುತ್ತದೆ, ವೇಗಕ್ಕೆ ಕಡಿವಾಣ ಹಾಕಬೇಕಾದ ಗವರ್ನರ್ ಸೋಲುತ್ತದೆ. ಆಗ ಗಾಳಿಯ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕಾದೀತು. ಬರಿಗೈ ಒಡ್ಡುವುದು ಅಪಾಯ. ಮಳೆಗೆ ಮುಂಚೆ ಟ್ಯಾಂಕು ತುಂಬಿಸಿಡುವುದು, ಚಾಲೂ ಮಾಡುವ ಮೊದಲು ರಾಕನ್ನು ಕೈಯಿಂದ ಅತ್ತಿತ್ತ ಆಡಿಸಿ ನೋಡುವುದು ಅದಕ್ಕಾಗಿಯೇ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದಿದೆ. ಈಗಿನ ಲಾರಿಯಲ್ಲಿ ಗಾಳಿಯ ಒತ್ತಡ ಅಳೆದು ಡೀಸೆಲ್ ಏರಿಸಿ ಇಳಿಸುವುದು ಕಂಪ್ಯೂಟರ್. ತಿರುಗಿಸಲು ಸ್ಕ್ರೂ ಇಲ್ಲ. ಶೆಡ್ಡಿನ ಹಳೆಯ ಎಂಜಿನ್ನಿಗೆ ಆ ಸೌಲಭ್ಯವಿಲ್ಲ. ಅದರ ಪಂಪನ್ನು ಜನವರಿಯಲ್ಲೇ ಬಿಚ್ಚಿ ಬೆಂಚಿಗೆ ಕಳುಹಿಸುವುದು ಲೇಸು. ಹೂವಿನ ಕಾಲ ಬಂದ ಮೇಲೆ ಮಿಸ್ತ್ರಿಯ ಬಾಗಿಲಲ್ಲಿ ಸಾಲು ಹಿಡಿಯಬೇಕಾದೀತು.