ನೀರು ಹೋದ ದಾರಿ
ಕೊಂಡಪಲ್ಲಿಯಲ್ಲಿ ಒಂದು ಹಳೆಯ ಮೋಟಾರಿನ ಪರೀಕ್ಷೆ

ವಿಜಯವಾಡದ ಹೋಟೆಲೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಒಲೆಯ ಮುಂದೆ ನಿಂತಿರುವ ನಮ್ಮ ಮಿತ್ರರೊಬ್ಬರು ಕುಂದಾಪುರದ ಕಡೆಯವರು. ರಜೆಯ ದಿನಗಳಲ್ಲಿ ಮದುವೆ ಮುಂಜಿಗಳ ಅಡುಗೆಯನ್ನು ವಹಿಸಿಕೊಳ್ಳುತ್ತಾರೆ. ಪಾತ್ರೆಪಡಗಗಳನ್ನು ಸಾಗಿಸುವುದಕ್ಕೆಂದು ಅವರು ಹಳೆಯ ಅಂಬಾಸಿಡರ್ ಮೋಟಾರೊಂದನ್ನು ಕೊಂಡರು. ಇದರ ತಯಾರಿಕೆ 2014ರಲ್ಲಿಯೇ ನಿಂತುಹೋಗಿದ್ದುದರಿಂದ ಗಾಡಿ ಅಗ್ಗವಾಗಿ ದೊರೆಯಿತು, ಚೆನ್ನಾಗಿಯೂ ಓಡುತ್ತಿದ್ದಿತು. ಆದರೆ ದಿನಕ್ಕೊಂದು ಚೆಂಬು ನೀರನ್ನು ಕೇಳುತ್ತಿದ್ದಿತು. ನಿಲ್ಲಿಸಿದ ಕಡೆ ನೆಲ ಮಾತ್ರ ಒಣಗಿಯೇ ಇರುವುದು. “ಕುಡಿಯುವುದು ಕಾಣುತ್ತದೆ ಮಾರಾಯ್ರೆ, ಚೆಲ್ಲುವುದು ಕಾಣುವುದಿಲ್ಲ” ಎಂದು ಅವರು ನಮ್ಮಲ್ಲಿ ಹೇಳಿಕೊಂಡರು.

ಪಟ್ಟಣದ ಮೆಕ್ಯಾನಿಕರೊಬ್ಬರು ಐದು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನು ಬಿಚ್ಚಬೇಕು ಎಂದರು. ಅವರು ಹೇಳಿದ ಮೊತ್ತವು ಮಿತ್ರರ ಎರಡು ತಿಂಗಳ ಸಂಬಳ. ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಬೇಕಾಗಿದ್ದುದೂ ಅದೇ ತಿಂಗಳು.

ಹೀಗಿರಲು ಒಂದು ಭಾನುವಾರ ಕೊಂಡಪಲ್ಲಿಯ ಮದುವೆ ಮನೆಯೊಂದರಲ್ಲಿ ಅಡುಗೆಯ ಮಾತು ಮುಗಿಸಬೇಕಾಗಿದ್ದಿತು. ನಾವೂ ಜೊತೆಗೆ ಹೊರಟೆವು. ಅಲ್ಲಿ ರಸ್ತೆಯ ಬದಿಯ ಶೆಡ್ಡಿನಲ್ಲಿ ವೃದ್ಧ ಮೆಕ್ಯಾನಿಕರೊಬ್ಬರಿರುವರೆಂದು ಯಾರೋ ಹೇಳಿದ್ದರು. ಅವರು ಬಾನೆಟ್ಟನ್ನು ಎತ್ತಿ ನೋಡಿ, ಕೈ ಹಾಕದೆಯೇ ಮುಚ್ಚಿದರು. ಎಂಜಿನು ಪೂರ್ತಿಯಾಗಿ ತಣ್ಣಗಾಗಲಿ, ಆಮೇಲೆ ಬನ್ನಿ ಎಂದರು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯುವುದೆಂದರೆ ಒಲೆಯ ಮೇಲಿನ ಕುಕ್ಕರನ್ನು ತೆರೆದಂತೆಯೇ; ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೃಷ್ಣದೇವರಾಯನು ಗಜಪತಿಗಳಿಂದ ಗೆದ್ದುಕೊಂಡ ಕೋಟೆ ಬೆಟ್ಟದ ಮೇಲಿದೆ. ಆ ಬಿಸಿಲಿನಲ್ಲಿ ಹತ್ತುವ ಧೈರ್ಯ ನಮಗಾಗಲಿಲ್ಲ. ಬೊಂಬೆ ಮಾಡುವವರ ಕೇರಿಗೆ ಹೋಗಿ ಕುಳಿತೆವು. ತೆಲ್ಲ ಪೊಣಿಕಿ ಎಂಬ ಹಗುರವಾದ ಮರದಿಂದ ಕೆತ್ತಿದ ಕೈಕಾಲುಗಳನ್ನು ಹುಣಿಸೆ ಬೀಜದ ಪುಡಿ, ಮರದ ಹೊಟ್ಟು ಕಲಸಿದ ಅಂಟಿನಿಂದ ಜೋಡಿಸಿ ಸಂದುಗಳನ್ನು ಮುಚ್ಚುತ್ತಿದ್ದರು. ಅದನ್ನು ನೋಡುತ್ತಲೇ ನಮ್ಮ ಮಿತ್ರರು ಮೆಲ್ಲಗೆ ಒಪ್ಪಿಕೊಂಡರು: ಲಾರಿ ಚಾಲಕರ ಮಾತು ಕೇಳಿ ತಾವೂ ರೇಡಿಯೇಟರಿಗೆ ಎರಡು ಚಮಚ ಅರಿಸಿನ ಹಾಕಿದ್ದುಂಟು! ಅರಿಸಿನವು ಸಣ್ಣ ಸೋರಿಕೆಯನ್ನು ಕೆಲವು ಕಾಲ ತಡೆಯಬಹುದು; ಆದರೆ ರೇಡಿಯೇಟರಿನ ಕಿರಿದಾದ ಕೊಳವೆಗಳನ್ನೂ ಅದು ಬಿಡುವುದಿಲ್ಲ. ಸಾರಿಗೆ ಹಾಕುವುದನ್ನು ಸಾರಿಗೇ ಹಾಕುವುದು ಲೇಸು.

ಮಧ್ಯಾಹ್ನದ ಮೇಲೆ ಪರೀಕ್ಷೆ ಆರಂಭವಾಯಿತು. ಮೊದಲ ಪ್ರಶ್ನೆಯೇ ನಮ್ಮನ್ನು ಚಕಿತಗೊಳಿಸಿತು: ನೀರನ್ನು ಎಲ್ಲಿಯವರೆಗೆ ತುಂಬುತ್ತೀರಿ? ಕಂಠಪೂರ್ತಿ ಎಂದರು ಮಿತ್ರರು. ಕಾದ ನೀರು ಹಿಗ್ಗುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದಾಗ ನೂರಕ್ಕೆ ಸುಮಾರು ಮೂರರಷ್ಟು. ಹೆಚ್ಚಾದುದನ್ನು ಹಿಡಿದಿಡುವ ಡಬ್ಬಿಯಿಲ್ಲದ ಹಳೆಯ ಗಾಡಿಗಳಲ್ಲಿ ಅಷ್ಟು ನೀರು ಕೊಳವೆಯಿಂದ ರಸ್ತೆಗೆ ಹೋಗುತ್ತದೆ. ಮರುದಿನ ಮತ್ತೆ ತುಂಬಿದರೆ ಮತ್ತೆ ಅಷ್ಟೇ ಹೋಗುತ್ತದೆ! ಆದರೆ ನಮ್ಮವರದು ಒಂದು ಚೆಂಬಿನ ನಷ್ಟವಾದುದರಿಂದ ಬೇರೆ ಕಾರಣವೂ ಇರಲೇಬೇಕಾಗಿದ್ದಿತು.

ಮುಂದಿನದು ಮುಚ್ಚಳ. ಅದರೊಳಗಿನ ರಬ್ಬರು ಗಟ್ಟಿಯಾಗಿ ಬಿರಿದಿದ್ದಿತು. ಈ ಮುಚ್ಚಳವು ಬರಿಯ ಮುಚ್ಚಳವಲ್ಲ. ಚದರ ಅಂಗುಲಕ್ಕೆ ಏಳು ಪೌಂಡ್ ಒತ್ತಡವನ್ನು ತಡೆದರೆ ನೀರು 110 ಡಿಗ್ರಿ ದಾಟಿದ ಮೇಲೆಯೇ ಕುದಿಯುತ್ತದೆ. ಸ್ಪ್ರಿಂಗು ಸೋತು ರಬ್ಬರು ಸತ್ತರೆ 100 ಡಿಗ್ರಿಗೇ ಕುದಿದು ಆವಿಯಾಗಿ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗವಾದ ಭಾಗ ಇದೇ. ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ.

ಹೆಡ್ ಗ್ಯಾಸ್ಕೆಟ್ಟಿನ ಸಂಶಯವನ್ನು ಅವರು ಎಂಜಿನು ಬಿಚ್ಚದೆಯೇ ವಿಚಾರಿಸಿದರು. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ಹಾಲು ಬೆರೆಸಿದ ಕಾಫಿಯ ಬಣ್ಣವಿರಲಿಲ್ಲ. ಮುಚ್ಚಳ ತೆಗೆದೇ ತಣ್ಣನೆಯ ಎಂಜಿನನ್ನು ಹೊರಡಿಸಿದರು. ನೀರಿನಲ್ಲಿ ಬಿಡದೆ ಗುಳ್ಳೆಗಳೇಳಲಿಲ್ಲ. ಹೊಗೆಕೊಳವೆಯಿಂದ ಬಿಳಿಯ ಆವಿ ಬರಲಿಲ್ಲ. ಪ್ಲಗ್ಗುಗಳ ಬಣ್ಣ ನಾಲ್ಕರಲ್ಲಿಯೂ ಒಂದೇ; ನೀರು ಒಳನುಗ್ಗಿದ ಸಿಲಿಂಡರಿನ ಪ್ಲಗ್ಗು ತೊಳೆದಂತೆ ಬೆಳ್ಳಗಿರುತ್ತದೆಯಂತೆ. ಇವುಗಳಲ್ಲಿ ಯಾವುದಾದರೂ ಕಂಡಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕಾಗುತ್ತಿದ್ದಿತು. ಕಾದ ಹೆಡ್ಡು ಸೊಟ್ಟಗಾದರೆ ಖರ್ಚು ಇಮ್ಮಡಿಯಾಗುತ್ತದೆ.

ಆಮೇಲೆ ರೇಡಿಯೇಟರಿನ ಬಾಯಿಗೆ ಮುಳ್ಳಿನ ಗಡಿಯಾರವಿದ್ದ ಕೈಪಂಪೊಂದನ್ನು ಕೂರಿಸಿ ಏಳು ಪೌಂಡಿಗೆ ಒತ್ತಿದರು. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚು ಹಿಡಿದು ರಬ್ಬರ್ ಕೊಳವೆಗಳ ಬುಡಗಳನ್ನು ನೋಡಿದರು, ಎಲ್ಲವೂ ಒಣಗಿದ್ದವು. ಕೊನೆಗೆ ನೀರಿನ ಪಂಪಿನ ಕೆಳಗೆ ಬೆರಳಿಟ್ಟು ನಮ್ಮನ್ನು ಕರೆದರು. ಬೆರಳು ಒದ್ದೆಯಾಗಿದ್ದಿತು.

ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ರಂಧ್ರವುಂಟು. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ಸೇರದೆ ಹೊರಗೆ ಬರಲೆಂದು ತಯಾರಕರೇ ಇಟ್ಟ ಬಾಗಿಲು ಅದು. ಗಾಡಿ ಓಡುವಾಗ, ಒತ್ತಡವೇರಿದಾಗ ಮಾತ್ರ ಅಲ್ಲಿ ನೀರು ಒಸರುವುದು. ಎದುರಿಗಿರುವ ಫ್ಯಾನು ಆ ಹನಿಗಳನ್ನು ಕಾದ ಎಂಜಿನಿನ ಮೇಲೆ ಎರಚುವುದು. ಕಾವಲಿಯ ಮೇಲೆ ಚಿಮುಕಿಸಿದ ನೀರಿನಂತೆ ಅದು ಅಲ್ಲಿಯೇ ಆರಿಹೋಗುವುದು. ನೆಲದ ಮೇಲೆ ಬೀಳುವುದಾದರೂ ಏನು? ಎಂಜಿನಿನ ಪಕ್ಕದಲ್ಲಿ ಸುಣ್ಣ ಬಳಿದಂತೆ ಬೆಳ್ಳನೆಯ ಗೀಟೊಂದು ಇದ್ದಿತು. ಕೊಳವೆಬಾವಿಯ ಗಡಸು ನೀರು ಬರೆದಿಟ್ಟು ಹೋದ ಲೆಕ್ಕ ಅದು. ಇಷ್ಟು ದಿನ ನಾವು ಯಾರೂ ಓದಿರಲಿಲ್ಲ.

ಹೊಸ ಪಂಪು, ಹೊಸ ಮುಚ್ಚಳ, ಕೂಲಿ ಎಲ್ಲವೂ ಸೇರಿ ಮೊದಲಿನವರು ಹೇಳಿದ ಮೊತ್ತದ ಹತ್ತನೆಯ ಒಂದು ಭಾಗವೂ ಆಗಲಿಲ್ಲ. ಅರಿಸಿನವನ್ನು ತೊಳೆದು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಇನ್ನು ಮುಂದೆ ಶುದ್ಧ ನೀರಿಗೆ ಕೂಲೆಂಟು ಬೆರೆಸಿ ಹಾಕಿರೆಂದು ವೃದ್ಧರು ಹೇಳಿದರು. ಸೋರಿದರೆ ಅದರ ಬಣ್ಣದ ಕಲೆಯೇ ದಾರಿ ತೋರಿಸುತ್ತದೆ. ಆದರೆ ಆ ದ್ರವದಲ್ಲಿರುವ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಅಡುಗೆಯ ಚೆಂಬಿನಿಂದ ಅದನ್ನು ಅಳೆಯಬಾರದೆಂದು ನಾವು ಮಿತ್ರರಿಗೆ ಎರಡು ಸಲ ಹೇಳಿದೆವು.

ಗಾಡಿಯಲ್ಲಿ ಈಗ ಒಂದು ಪುಸ್ತಕವಿದೆ. ದಿನ, ಓಡಿದ ಕಿಲೋಮೀಟರು, ಹಾಕಿದ ನೀರು ಎಂದು ಮೂರು ಕಲಮುಗಳು. ಪ್ರತಿದಿನ ಮುಂಜಾನೆ, ಎಂಜಿನು ತಣ್ಣಗಿರುವಾಗ ಬರೆಯುವುದು. ಕೊಂಡಪಲ್ಲಿಯ ಮದುವೆಗೆ ಪಾತ್ರೆಗಳು ಆ ಗಾಡಿಯಲ್ಲಿಯೇ ಹೋದವು. ಮಗಳ ಶುಲ್ಕವೂ ಸಂದಿತು. ಕಳೆದ ವಾರ ನಾವು ಪುಸ್ತಕವನ್ನು ತೆರೆದು ನೋಡಿದಾಗ ಮೂರನೆಯ ಕಲಮಿನಲ್ಲಿ ಹದಿನೇಳು ಸೊನ್ನೆಗಳಿದ್ದವು.