ಎಚ್‌ಐವಿಗೆ ಇನ್ನೂ ಲಸಿಕೆ ಯಾಕಿಲ್ಲ? ಬೆಂಗಳೂರಿನ ವಿಜ್ಞಾನಿಯೊಬ್ಬರ ಕೆಲಸದಲ್ಲಿದೆ ಉತ್ತರ

ಹಿರೇಕೆರೂರು: ಕೊರೊನಾಕ್ಕೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಅದಕ್ಕೆ ಇನ್ನೂ ಲಸಿಕೆ ಇಲ್ಲ. 'ಇಷ್ಟ್ ವರ್ಷ ವಿಜ್ಞಾನಿಗಳು ಏನ್ ಮಾಡಾಕತ್ತಾರ?' ಅಂತ ಯಾರಿಗಾದರೂ ಅನಿಸುವುದು ಸಹಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವನ್ ವರದರಾಜನ್ ಅವರ ಕೆಲಸ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಯಾರಿವರು?

ಐಐಟಿ ಕಾನ್ಪುರದಲ್ಲಿ ರಸಾಯನಶಾಸ್ತ್ರ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದವರು. ಪ್ರೋಟೀನ್‌ಗಳ ಆಕಾರ ಇವರ ಅಧ್ಯಯನದ ವಿಷಯ. 2002ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿದೆ.

ತೊಡಕು ಎಲ್ಲಿದೆ?

ಲಸಿಕೆ ಅಂದ್ರೆ ಕಳ್ಳ ಬರೋ ಮೊದಲೇ ಅವನ ಫೋಟೊ ಪೊಲೀಸರ ಕೈಗೆ ಕೊಟ್ಟ ಹಾಗೆ. ಆದರೆ ಎಚ್‌ಐವಿ ದಿನಾ ವೇಷ ಬದಲಿಸುವ ಕಳ್ಳ. ಅದರ ಮೇಲ್ಮೈಯ 'ಜಿಪಿ 120' ಪ್ರೋಟೀನ್ ಸಕ್ಕರೆ ಕಣಗಳ ಕಂಬಳಿ ಹೊದ್ದಿರುತ್ತದೆ. ಜೊತೆಗೆ ವೈರಸ್ ನಮ್ಮ ಜೀವಕೋಶದ ಡಿಎನ್‌ಎ ಒಳಗೇ ಸೇರಿಕೊಂಡು ಕೂರುತ್ತದೆ. ಆ ಪ್ರೋಟೀನ್‌ನಲ್ಲಿ ಬದಲಾಗದ ಭಾಗ ಹುಡುಕಿ, ಅದನ್ನಷ್ಟೇ ಸರಿಯಾದ ಆಕಾರದಲ್ಲಿ ತಯಾರಿಸಿ ದೇಹಕ್ಕೆ ತೋರಿಸುವುದು ವರದರಾಜನ್ ತಂಡದ ಪ್ರಯತ್ನ.

ಇದು ಸುಲಭವಲ್ಲ. 2009ರಲ್ಲಿ ಥಾಯ್ಲೆಂಡ್‌ನ 16 ಸಾವಿರಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗದಲ್ಲಿ ಲಸಿಕೆ ಸೋಂಕನ್ನು ಶೇ 31ರಷ್ಟು ಮಾತ್ರ ತಗ್ಗಿಸಿತು. 2020ರಲ್ಲಿ ದಕ್ಷಿಣ ಆಫ್ರಿಕಾದ ದೊಡ್ಡ ಪ್ರಯೋಗವೂ ಫಲ ಕಾಣದೆ ನಿಂತಿತು.

ದುಡಿಮೆ ವ್ಯರ್ಥವಾಯ್ತೆ?

ಇಲ್ಲ. ಪ್ರೋಟೀನ್‌ನ ಬೇಕಾದ ಭಾಗವನ್ನಷ್ಟೇ ಗಟ್ಟಿಯಾಗಿ ಕಟ್ಟುವ ವಿದ್ಯೆ ಕೊರೊನಾ ಕಾಲಕ್ಕೆ ಕೈಹಿಡಿಯಿತು. ಇವರ ತಂಡ ಮತ್ತು ಮಿನ್‌ವ್ಯಾಕ್ಸ್ ಕಂಪನಿ ರೂಪಿಸಿದ ಪ್ರಾಯೋಗಿಕ ಲಸಿಕೆ 37 ಡಿಗ್ರಿ ಬಿಸಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು ಎಂದು 2021ರಲ್ಲಿ ವರದಿಯಾಯಿತು. ಸಾಮಾನ್ಯ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇಡಬೇಕು. ಕರೆಂಟ್ ಹೋದ್ರೆ ಫ್ರಿಜ್ ನಿಲ್ಲುವ ಊರುಗಳಿಗೆ ಬಿಸಿ ತಾಳುವ ಲಸಿಕೆ ಎಷ್ಟು ಮುಖ್ಯ ಅನ್ನೋದನ್ನ ಔಷಧ ಅಂಗಡಿಯವರಿಗೆ ಹೇಳಬೇಕಿಲ್ಲ.

ಲಸಿಕೆ ಬರೋತನಕ?

ಕೈಯಲ್ಲಿರುವ ಆಯುಧ ಪರೀಕ್ಷೆ ಮತ್ತು ಮಾತ್ರೆ. ಸರ್ಕಾರಿ ದವಾಖಾನೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಎಆರ್‌ಟಿ ಮಾತ್ರೆ 2004ರಿಂದ ಉಚಿತ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದರೆ ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ. ಗರ್ಭಿಣಿ ಚಿಕಿತ್ಸೆ ಪಡೆದರೆ ಮಗುವನ್ನೂ ಉಳಿಸಿಕೊಳ್ಳಬಹುದು.

ಅಂಗಡಿಕಾರರು ಗಮನಿಸಿ: ಜೊತೆಗೆ ದುಡಿದರೆ, ನೋಟು ಮುಟ್ಟಿದರೆ, ಒಂದೇ ಕಪ್ಪಿನಲ್ಲಿ ಚಹಾ ಕುಡಿದರೆ ಎಚ್‌ಐವಿ ಬರಲ್ಲ. ಸೋಂಕಿದೆ ಅಂತ ಕೆಲಸಗಾರರನ್ನು ಭೇದ ಮಾಡಿ ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.

ಮಾಹಿತಿಗೆ ಉಚಿತ ಸಹಾಯವಾಣಿ: 1097.